ಹಳದಿ ತೋಟದ ಹಸಿರು ಮರ

ತಮ್ಮಾ, ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬರ್ತೀನಿ ಅಂದೆಯಲ್ಲ, ಸಂತೋಷ. ಬರುವ ಮೊದಲು ಒಂದು ಮಾತು ಕೇಳಿಕೊ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಅಡಿಕೆಯನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಪಕ್ಕದವರ ತೋಟಕ್ಕೆ ಬಂದಿದೆ ಅಂತ ಎಲ್ಲರೂ ಹೇಳ್ತಾರೆ, ತಮ್ಮದಕ್ಕೆ ಬಂದಿದೆ ಅನ್ನೋರು ಕಮ್ಮಿ.

ಕೆಳಗಿನ ಎರಡು ಮೂರು ಸೋಗೆ ನೋಡು. ಗರಿ ತುದಿಯಿಂದ ಹಳದಿಗಟ್ಟುತ್ತಾ ಬರುತ್ತೆ, ನಡುನರದ ಪಕ್ಕ ಮಾತ್ರ ಹಸಿರು ಗೆರೆ ಉಳಿಯುತ್ತೆ. ಆಮೇಲೆ ತುದಿ ಒಣಗುತ್ತೆ, ಹರಳು ಉದುರುತ್ತೆ, ಮರದ ಮಂಡೆ ಸಣ್ಣದಾಗುತ್ತೆ. ಬಿದ್ದ ಕಾಯೊಂದನ್ನು ಮೆಟ್ಟುಗತ್ತಿಗೆ ಕೊಟ್ಟು ಸೀಳು, ತಿರುಳು ಮೆತ್ತಗೆ, ಕಪ್ಪಗೆ. ಫೈಟೋಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯ ಕೆಲಸ ಅದು, ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತೆ. ಕೇರಳದಲ್ಲಿ ಈ ರೋಗ ಕಂಡದ್ದು 1914ರಲ್ಲೇ. ನಮ್ಮಲ್ಲಿ ಇವತ್ತಿಗೂ ‘ಬಿಸಿಲಿನ ಝಳ’, ‘ಗೊಬ್ಬರ ಕಮ್ಮಿಯಾಯ್ತು’.

ಪೂರ್ತಿ ಸುಳ್ಳು ಅನ್ನೋ ಹಾಗೂ ಇಲ್ಲ. ಬಸಿಗಾಲುವೆ ಹೂತು ನೀರು ನಿಂತರೂ ಸೋಗೆ ಹಳದಿಯಾಗುತ್ತೆ, ಅದನ್ನು ಸರಿಮಾಡಬಹುದು. ಯಾವುದು ಅಂತ ತಿಳಿಯೋಕೆ ಮಣ್ಣು ಪರೀಕ್ಷೆ ಮಾಡಿಸಿ, ಶೃಂಗೇರಿಯ ಅಡಿಕೆ ಸಂಶೋಧನಾ ಕೇಂದ್ರದವರಿಗೆ ತೋರಿಸಿ ಅಂದರೆ ಕಾಲು ಹಿಂದೆ. ಗೊತ್ತಾಗಿಬಿಟ್ಟರೆ ಅನ್ನೋ ಹೆದರಿಕೆ. ಚೇಣಿದಾರ ರೇಟು ಇಳಿಸ್ತಾನೆ. ಮಗನಿಗೆ ಹೆಣ್ಣು ಕೇಳಿದರೆ ಬೀಗರು ತೋಟದ ಬಣ್ಣ ವಿಚಾರಿಸ್ತಾರೆ. ಇದನ್ನು ನಾನು ಹಗುರವಾಗಿ ತಗೊಳ್ಳಲ್ಲ. ಆದರೆ ಹೀಗೆ ಹೆದರಿ ಕೂತವರ ಅಂಗಳಕ್ಕೇ ಟಾನಿಕ್ ಮಾರೋರ ಜೀಪು ಬಂದು ನಿಲ್ಲೋದು.

ಹಾಗಂತ ನಮ್ಮ ಹಿರಿಯರೇನು ಹಠಮಾರಿಗಳಲ್ಲ. ಕೊಳೆ ರೋಗಕ್ಕೆ ಗೊನೆಗೊನೆಗೂ ಕೊಟ್ಟೆ ಕಟ್ಟುತ್ತಿದ್ದ ಕಾಲವಿತ್ತು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಬೋರ್ಡೋ ದ್ರಾವಣ ಹೊಡೆಯೋದು ತೋರಿಸಿಕೊಟ್ಟರು. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಈಗ ಅದಿಲ್ಲದೆ ಮಳೆಗಾಲ ದಾಟೋದೇ ಇಲ್ಲ. ಕೊಳೆಯ ಸುದ್ದಿ ಮದ್ದು ಹಿಡಿದೇ ಬಂತು, ಒಪ್ಪಿಕೊಂಡರು. ಹಳದಿಗೆ ಮದ್ದಿಲ್ಲ, ಅದಕ್ಕೇ ಕಿವಿ ಮುಚ್ಚಿಕೊಳ್ತಾರೆ.

ಕಿವಿ ತೆರೆದವರೂ ಇದ್ದಾರೆ. ನಡುವೆ ಕಾಫಿ ಹಾಕಿದರು, ಇರುವ ಮರಕ್ಕೆ ಕಾಳುಮೆಣಸು ಹಬ್ಬಿಸಿದರು. ಅಡಿಕೆ ಕೈಕೊಟ್ಟ ವರ್ಷವೂ ಅವರ ಮನೆಖರ್ಚು ನಡೆಯಿತು. ಉಳಿದವರು ಸತ್ತ ಮರದ ಜಾಗಕ್ಕೆ ಸಿಕ್ಕಲ್ಲಿಂದ ಸಸಿ ತಂದು ನೆಟ್ಟು, ಅದೂ ಹಳದಿಯಾಗೋದನ್ನು ನೋಡ್ತಾ ಕೂತರು.

ಇನ್ನೊಂದು ಕೆಲಸ ನಿನ್ನಿಂದ ಆಗಬೇಕು. ಹಳದಿ ತೋಟದ ಮಧ್ಯೆ ವರ್ಷಗಟ್ಟಲೆ ಹಸಿರಾಗೇ ನಿಂತ ಒಂದೆರಡು ಮರ ಇರುತ್ತೆ. ರೋಗ ತಡೆಯೋ ತಳಿ ಬೆಳೆಸಲು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಜ್ಞಾನಿಗಳು ಹುಡುಕೋದು ಅಂಥದ್ದನ್ನೇ. ರೋಗವೇ ಇಲ್ಲ ಅನ್ನೋನಿಗೆ ಆ ಮರ ಕಣ್ಣಿಗೆ ಬೀಳೋದಾದರೂ ಹೇಗೆ? ನೀನು ಬಂದ ಕೂಡಲೇ ಅಂಥವಕ್ಕೆ ಬಣ್ಣ ಬಳಿದು ನಂಬರ್ ಹಾಕು. ಕೊನೆ ತೆಗೆಯುವವನಿಗೂ ಹೇಳಿಡು, ಆ ಗೊನೆಗಳಿಗೆ ಕತ್ತಿ ಹಾಕೋದು ಬೇಡ, ಬೀಜಕ್ಕೆ ಹಣ್ಣಾಗಲಿ ಅಂತ. ನಿಮ್ಮಪ್ಪ ಕೂಗಾಡಿದರೆ ನನ್ನ ಹತ್ತಿರ ಕಳಿಸು, ನಾನು ಮಾತಾಡ್ತೀನಿ.