ಹಿತ್ತಲಿಗೆ ಕಾರ್ಡಿನಲ್ ಬರಬೇಕೆ? ಹೀಗೆ ಮಾಡಿ

ಅಮೆರಿಕದ ಪೂರ್ವ ಭಾಗದಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ಬರುವ ಅಪ್ಪ–ಅಮ್ಮಂದಿರು ‘ಆ ಕೆಂಪು ಹಕ್ಕಿ ಯಾವುದು?’ ಎಂದು ಕೇಳದೆ ಇರುವುದಿಲ್ಲ. ಅದು ನಾರ್ದರ್ನ್ ಕಾರ್ಡಿನಲ್. ಗಂಡಿನ ಮೈಯೆಲ್ಲ ಕಡುಗೆಂಪು, ಕೊಕ್ಕಿನ ಸುತ್ತ ಕಪ್ಪು, ತಲೆಯ ಮೇಲೆ ನಮ್ಮ ಪಿಕಳಾರದಂಥ ಜುಟ್ಟು. ಹೆಣ್ಣು ಕಂದು; ಜುಟ್ಟು, ರೆಕ್ಕೆ, ಬಾಲದಲ್ಲಷ್ಟೇ ಕೆಂಪಿನ ಛಾಯೆ. ಒಹಾಯೊ, ಇಲಿನಾಯ್, ವರ್ಜೀನಿಯಾ, ನಾರ್ತ್ ಕೆರೊಲಿನಾ ಸೇರಿ 7 ರಾಜ್ಯಗಳಿಗೆ ಇದೇ ರಾಜ್ಯಪಕ್ಷಿ. ನ್ಯೂಜೆರ್ಸಿ, ಟೆಕ್ಸಸ್‌ಗಳಲ್ಲೂ ಧಾರಾಳವಾಗಿದೆ. ಸಿಯಾಟಲ್ ಕಡೆಯವರು ಮಾತ್ರ ಆಸೆ ಬಿಡಬೇಕು. ಅಲ್ಲಿ ಇದರ ನೆಲೆಯಿಲ್ಲ.

ಕಾರ್ಡಿನಲ್ ವಲಸೆ ಹೋಗುವುದಿಲ್ಲ. ಹಿಮ ಬಿದ್ದರೂ ಇದ್ದಲ್ಲೇ ಇರುತ್ತದೆ. ಹಾಗಾಗಿ ನಾಲ್ಕು ದಿನ ಕಾಳು ಹಾಕಿ ಸುಮ್ಮನಾದರೆ ಸಾಲದು. ಹನ್ನೆರಡು ತಿಂಗಳೂ ಅದಕ್ಕೆ ಅನ್ನ, ನೀರು, ಆಸರೆ ಸಿಗುವಂತೆ ಹಿತ್ತಲನ್ನು ಅಣಿಗೊಳಿಸಬೇಕು.

1. ಕಾಳು: ದಪ್ಪ, ಗಟ್ಟಿ ಕೊಕ್ಕಿನ ಈ ಹಕ್ಕಿಗೆ ಕಪ್ಪು ಸಿಪ್ಪೆಯ ಸೂರ್ಯಕಾಂತಿ ಬೀಜ ಅಚ್ಚುಮೆಚ್ಚು. ಅಂಗಡಿಯಲ್ಲಿ ‘ಬ್ಲ್ಯಾಕ್ ಆಯಿಲ್ ಸನ್‌ಫ್ಲವರ್’ ಎಂದು ಕೇಳಿ. ಅಳಿಲಿನ ಕಾಟವಿದ್ದರೆ ಸ್ಯಾಫ್ಲವರ್ ತನ್ನಿ. ಇದು ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಬೆಳೆಯುವ ಕುಸುಬೆಯೇ. ಕಾರ್ಡಿನಲ್ ಇಷ್ಟಪಟ್ಟು ತಿನ್ನುತ್ತದೆ, ಅಳಿಲುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬ್ರೆಡ್, ಉಳಿದ ಅನ್ನ, ಉಪ್ಪು ಹಾಕಿದ ಕಡಲೆಕಾಯಿ ಬೇಡ.

2. ಫೀಡರ್: ಕಿರಿದಾದ ಕಡ್ಡಿಯ ಮೇಲೆ ಕೂತು ಪಕ್ಕಕ್ಕೆ ತಿರುಗಿ ತಿನ್ನುವುದು ಇದಕ್ಕೆ ಕಷ್ಟ. ಅಗಲವಾದ ತಟ್ಟೆಯಂಥ ಫೀಡರ್ ಅಥವಾ ಸುತ್ತ ಕಟ್ಟೆಯಿರುವ ಹಾಪರ್ ಫೀಡರ್ ಕೊಳ್ಳಿ. ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿರಲಿ, ಹಾರಿ ಅಡಗಲು ಹತ್ತಿರದಲ್ಲೇ ಪೊದೆಯಿರಲಿ. ಕಿಟಕಿಯಿಂದ 3 ಅಡಿಯೊಳಗೆ ಇಡಿ, ಇಲ್ಲವೇ 30 ಅಡಿ ಆಚೆ ಇಡಿ. ಗಾಜಿಗೆ ಬಡಿದು ಸಾಯುವುದು ತಪ್ಪುತ್ತದೆ.

3. ಹೊತ್ತು: ಬೆಳಗಿನ ಜಾವ ಮೊದಲು ಬರುವುದೂ, ಸಂಜೆ ಕತ್ತಲಾಗುವಾಗ ಕೊನೆಗೆ ಹೋಗುವುದೂ ಕಾರ್ಡಿನಲ್. ಆ ಎರಡು ಹೊತ್ತಿನಲ್ಲಿ ಫೀಡರ್ ಬರಿದಾಗಿರಬಾರದು. ವಸಂತದಲ್ಲಿ ಕಾದು ನೋಡಿ: ಗಂಡು ಕಾಳು ಸುಲಿದು ಹೆಣ್ಣಿನ ಕೊಕ್ಕಿಗೆ ಇಡುತ್ತದೆ.

4. ನೀರು: 2ರಿಂದ 3 ಅಂಗುಲ ಆಳದ, ಒರಟು ತಳದ ಬೋಗುಣಿ ಸಾಕು. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಂತೆ ಬಿಸಿಮಾಡುವ ಬರ್ಡ್‌ಬಾತ್ ಸಿಗುತ್ತದೆ. ಎಲ್ಲೆಡೆ ನೀರು ಮಂಜುಗಡ್ಡೆಯಾದಾಗ ಹಕ್ಕಿಗಳು ಅಲ್ಲಿಗೇ ಬರುತ್ತವೆ.

5. ಪೊದೆ: ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕಾರ್ಡಿನಲ್ ಮರದ ಪೆಟ್ಟಿಗೆಯೊಳಗೆ ಗೂಡು ಕಟ್ಟುವುದಿಲ್ಲ. ಒತ್ತಾದ ಪೊದೆ, ಬಳ್ಳಿಗಳ ನಡುವೆ, ಸಾಮಾನ್ಯವಾಗಿ 15 ಅಡಿಗಿಂತ ಕೆಳಗೆ ಬಟ್ಟಲಿನಾಕಾರದ ಗೂಡು ಕಟ್ಟುತ್ತದೆ. ಆ ನೆಲದವೇ ಆದ ಡಾಗ್‌ವುಡ್, ಸರ್ವಿಸ್‌ಬೆರಿಗಳನ್ನು ಹಣ್ಣಿಗಾಗಿ ನೆಡಿ. ಚಳಿಗಾಲದ ಆಸರೆಗೆ ಈಸ್ಟರ್ನ್ ರೆಡ್ ಸೀಡರ್, ಅಮೆರಿಕನ್ ಹಾಲಿ ಇರಲಿ. ನಂದಿನಾ ಬೇಡ, ಅದರ ಕೆಂಪು ಹಣ್ಣಿನಲ್ಲಿ ಹಕ್ಕಿಗಳನ್ನು ಕೊಲ್ಲುವ ವಿಷವಿದೆ. ಗೂಡು ಕಟ್ಟುವ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪೊದೆಗಳನ್ನು ಕತ್ತರಿಸಬೇಡಿ.

6. ಹುಳು: ದೊಡ್ಡ ಹಕ್ಕಿ ಕಾಳು ತಿಂದರೂ ಮರಿಗಳಿಗೆ ಉಣಿಸುವುದು ಹೆಚ್ಚಾಗಿ ಹುಳುಹುಪ್ಪಟೆಗಳನ್ನೇ. ಹುಲ್ಲುಹಾಸಿಗೆ ಕೀಟನಾಶಕ ಹೊಡೆದರೆ ಮರಿಗಳ ತುತ್ತು ಕಸಿದಂತೆ.

7. ಶುಚಿತ್ವ: ಎರಡು ವಾರಕ್ಕೊಮ್ಮೆ 9 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ ಫೀಡರ್ ತೊಳೆದು, ಚೆನ್ನಾಗಿ ಒಣಗಿಸಿ ಕಾಳು ತುಂಬಿ. ಬೂಷ್ಟು ಹಿಡಿದ ಕಾಳು ರೋಗ ಹರಡುತ್ತದೆ. ಕಾಯಿಲೆಯ ಹಕ್ಕಿ ಕಂಡರೆ ಕೆಲವು ದಿನ ಫೀಡರ್ ತೆಗೆದಿಡಿ.

ವಸಂತದಲ್ಲಿ ಗಂಡು ಕಿಟಕಿಯ ಗಾಜನ್ನು ಕುಕ್ಕುತ್ತಿದ್ದರೆ ಗಾಬರಿ ಬೇಡ. ತನ್ನ ಬಿಂಬವನ್ನೇ ಎದುರಾಳಿಯೆಂದು ತಿಳಿದು ಕಾದುತ್ತದೆ. ಗಾಜಿನ ಹೊರಬದಿಗೆ ಕಾಗದ ಅಂಟಿಸಿ ಬಿಂಬ ಕಾಣದಂತೆ ಮಾಡಿ.

ಒಂದು ಕಾಲಕ್ಕೆ ಬಣ್ಣಕ್ಕೂ ಹಾಡಿಗೂ ಮನಸೋತ ಜನ ಈ ಹಕ್ಕಿಯನ್ನು ಹಿಡಿದು ಪಂಜರದಲ್ಲಿಟ್ಟು ಮಾರುತ್ತಿದ್ದರು. ವಲಸೆ ಹೋಗದಿದ್ದರೂ, ವಲಸೆ ಹಕ್ಕಿಗಳ ಒಪ್ಪಂದದ 1918ರ ಕಾಯ್ದೆಯ ರಕ್ಷಣೆ ಈಗ ಇದಕ್ಕಿದೆ. ಹಿಡಿಯುವುದು, ಸಾಕುವುದು ಅಪರಾಧ. ಆದರೆ ಕಾಯ್ದೆ ಪೊದೆ ನೆಡುವುದಿಲ್ಲ, ಬೆಕ್ಕನ್ನು ಕಟ್ಟಿಹಾಕುವುದಿಲ್ಲ. ಆ ಕೆಲಸ ಮನೆಯವರದ್ದು. ಬೆಕ್ಕನ್ನು ಒಳಗಿಡಿ, ಫೀಡರ್ ಕೊಳ್ಳುವ ಮೊದಲು, ಈ ಶರತ್ಕಾಲದಲ್ಲೇ, ಹಿತ್ತಲಿನ ಮೂಲೆಯಲ್ಲಿ ಎರಡು ಗಿಡ ನೆಡಿ.