‘ಏಜ್ಡ್’ ಅನ್ನಬೇಕೋ, ‘ಏಜಿಡ್’ ಅನ್ನಬೇಕೋ?

ಹೈಕೋರ್ಟ್ ತೀರ್ಪುಗಳ ಮೊದಲ ಪುಟದಲ್ಲಿ ಅರ್ಜಿದಾರರ ಹೆಸರಿನ ಜೊತೆಗೆ ‘ಏಜ್ಡ್ ಅಬೌಟ್ 45 ಇಯರ್ಸ್’ ಎಂದು ಇರುವುದನ್ನು ನೋಡಿರುತ್ತೀರಿ. ವೃದ್ಧಾಶ್ರಮದ ಬೋರ್ಡಿನಲ್ಲೂ ಅದೇ ಪದ: ‘ಹೋಮ್ ಫಾರ್ ದಿ ಏಜಿಡ್’. ಕಾಗುಣಿತ ಒಂದೇ ಆದರೂ ಉಚ್ಚಾರ, ಅರ್ಥ ಎರಡೂ ಬೇರೆ. ಬಳಸುವ ಮುನ್ನ ಹೀಗೆ ಪರೀಕ್ಷಿಸಿಕೊಳ್ಳಿ.

ಮೊದಲು, ಪಕ್ಕದಲ್ಲಿ ಅಂಕಿ ಇದೆಯೇ ನೋಡಿ. ಇದ್ದರೆ ಒಂದೇ ಉಸಿರಿಗೆ ‘ಏಜ್ಡ್’ ಎನ್ನಿ. ಇಲ್ಲಿ ಮುಪ್ಪಿನ ಸುಳಿವೇ ಇಲ್ಲ. ‘ಎ ಗರ್ಲ್ ಏಜ್ಡ್ ಸಿಕ್ಸ್’ ಎಂದರೆ ಆರು ವರ್ಷದ ಹುಡುಗಿ, ಅಷ್ಟೆ. ಪದ ಹುಡುಗಿಯ ನಂತರ ಬಂತು, ಗಮನಿಸಿ. ವಯಸ್ಸನ್ನು ಮುಂದಕ್ಕೆ ತರಬೇಕೆಂದರೆ ಈ ಪದ ಬಿಟ್ಟು ‘ಎ ಸಿಕ್ಸ್-ಇಯರ್-ಓಲ್ಡ್ ಗರ್ಲ್’ ಎನ್ನಬೇಕು. ನಡುವೆ ಅಡ್ಡಗೆರೆ ಕಡ್ಡಾಯ, ‘ಇಯರ್ಸ್’ ತಪ್ಪು. ನಾವೂ ಆರು ‘ವರ್ಷದ’ ಹುಡುಗಿ ಎನ್ನುತ್ತೇವೆಯೇ ಹೊರತು ‘ವರ್ಷಗಳ’ ಎನ್ನುವುದಿಲ್ಲವಲ್ಲ, ಹಾಗೆಯೇ.

ಅಂಕಿ ಇಲ್ಲದೆ ಮನುಷ್ಯರನ್ನು ಬಣ್ಣಿಸಿದರೆ ಎರಡು ಭಾಗವಾಗಿ ‘ಏ-ಜಿಡ್’. ‘ಮೈ ಏಜಿಡ್ ಅಂಕಲ್’ ಎಂದರೆ ತೀರಾ ವಯಸ್ಸಾದ ಮಾವ. ಕೋರ್ಟಿನಲ್ಲಿ ವಕೀಲರು ‘ಮೈ ಲರ್ನಿಡ್ ಫ್ರೆಂಡ್’ ಎನ್ನುವುದನ್ನು ಕೇಳಿದವರಿಗೆ ಇದು ಹೊಸತಲ್ಲ: ಪಾಠ ಕಲಿತರೆ ‘ಲರ್ನ್ಡ್’, ವಿದ್ವಾಂಸರಾದರೆ ‘ಲರ್ನಿಡ್’.

ಆದರೆ ನಡುವಯಸ್ಸಿನವರು ‘ಮಿಡ್ಲ್-ಏಜ್ಡ್’, ಅಲ್ಲಿ ‘ಜಿಡ್’ ಇಲ್ಲ. ಚೀಸ್, ವಿಸ್ಕಿಗೂ ‘ಏಜ್ಡ್’ ಎಂದೇ ಅನ್ನುವುದು. ಹದವಾಗಿ ಮಾಗಿದ್ದು ಎಂಬ ಹೊಗಳಿಕೆ ಅದು. ಆಸ್ಟ್ರೇಲಿಯಾದಲ್ಲಿರುವ ಮಕ್ಕಳು ಫೋನಿನಲ್ಲಿ ಹೇಳುವ, ಹಿರಿಯರ ಆರೈಕೆಯ ‘ಏಜ್ಡ್ ಕೇರ್’ ಕೂಡ ಹಾಗೆಯೇ.

ಉಚ್ಚಾರ ಸರಿಯಿದ್ದರೆ ಸಾಲದು, ಮರ್ಯಾದೆಯೂ ಬೇಕು. ಎದುರಿಗಿರುವವರನ್ನು ‘ಏಜಿಡ್’ ಎಂದರೆ ಒರಟಾಗಿ ಕೇಳುತ್ತದೆ. ‘ಎಲ್ಡರ್ಲಿ’ ಸ್ವಲ್ಪ ಮೆದು. ಆದರೂ ಈಗೀಗ ಅದೂ ಹಲವರಿಗೆ ಹಿಡಿಸದು. ವಿಶ್ವಸಂಸ್ಥೆ 1990ರಲ್ಲಿ ಅಕ್ಟೋಬರ್ 1ನ್ನು ಹಿರಿಯರ ದಿನವೆಂದು ಗೊತ್ತುಮಾಡಿತು; ಆ ದಿನದ ಹೆಸರಿನಲ್ಲಿ ಇಂದು ಇರುವುದು ‘ಓಲ್ಡರ್ ಪರ್ಸನ್ಸ್’. ನಮ್ಮಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ 60 ತುಂಬಿದವರು ‘ಸೀನಿಯರ್ ಸಿಟಿಜನ್’. ಬ್ಯಾಂಕಿಗೋ ಕಚೇರಿಗೋ ಬರೆಯುವ ಅರ್ಜಿಯಲ್ಲಿ ಅದನ್ನೇ ಬಳಸಿ.

ಇನ್ನು ಸಂದರ್ಶನಕ್ಕೆ ಹೋಗುವ ಹುಡುಗರು ‘ಐ ಆಮ್ ಏಜ್ಡ್ 24 ಇಯರ್ಸ್’ ಎಂದು ಅಫಿಡವಿಟ್ ಓದಬೇಕಿಲ್ಲ. ‘ಐ ಆಮ್ 24’ ಅಂದರೆ ಆಯಿತು.