ಹುಟ್ಟುಗುಣ ಸುಟ್ಟರೂ ಹೋಗದೇ?



*ದಿನದ ಧಮ್ಮ ಚಿಂತನ*

ಧಮ್ಮ ಬಂಧುಗಳೇ,

"ಹುಟ್ಟುಗುಣ ಸುಟ್ಟರೂ ಹೋಗದು" ಎಂಬ ಗಾದೆ ನಮಗೆಲ್ಲ ಗೊತ್ತು. ಒಬ್ಬ ಮನುಷ್ಯನ ಹಟವನ್ನು ನೋಡಿ ಹೀಗೆ ಅಂದರೆ ನಕ್ಕು ಬಿಡಬಹುದು. ಇಡೀ ಓಣಿಗೆ, ಇಡೀ ಕುಲಕ್ಕೆ ಇದನ್ನು ಅಂಟಿಸಿದರೆ ಅದು ತೀರ್ಪಾಗುತ್ತದೆ. ಚಾತುರ್ವರ್ಣ್ಯ ನಿಂತಿರುವುದು ಇಂಥ ತೀರ್ಪಿನ ಮೇಲೆಯೇ. ಗೀತೆಯ 18ನೇ ಅಧ್ಯಾಯ ನಾಲ್ಕು ವರ್ಣಗಳ ಕೆಲಸವನ್ನು ಸ್ವಭಾವದಿಂದ ಹುಟ್ಟಿದ ಗುಣಗಳ ಪ್ರಕಾರ ಹಂಚುತ್ತದೆ. ಸೇವೆ ಮಾಡುವುದು ಶೂದ್ರನ ಸ್ವಭಾವ ಎನ್ನುತ್ತದೆ. ಹೀಗಿರುವಾಗ "ಎಲ್ಲ ದೇಶ, ಎಲ್ಲ ಜನಕ್ಕೂ ಸಮಾನವಾದ ಮನುಷ್ಯ ಸ್ವಭಾವ ಇದೆಯೇ?" ಎಂಬ ಪ್ರಶ್ನೆ ನಮ್ಮ ಬದುಕಿನ ಪ್ರಶ್ನೆ.

*ಬುದ್ಧರು ಕೊಟ್ಟ ಉತ್ತರ*

ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ತರುಣರು ಬುದ್ಧರ ಬಳಿ ಬರುತ್ತಾರೆ. ಹುಟ್ಟಿನಿಂದ ಬ್ರಾಹ್ಮಣನೋ, ನಡತೆಯಿಂದ ಬ್ರಾಹ್ಮಣನೋ ಎಂಬುದು ಅವರ ವಾದ. ಬುದ್ಧರು ಹುಲ್ಲು, ಗಿಡಮರ, ಹುಳ, ಹಾವು, ಮೀನು, ಹಕ್ಕಿಗಳ ಉದಾಹರಣೆ ಕೊಡುತ್ತಾರೆ. ಅವುಗಳಲ್ಲಿ ಹುಟ್ಟಿನಿಂದಲೇ ಬಂದ ಗುರುತುಗಳಿವೆ. ಮನುಷ್ಯರ ತಲೆ, ಕಣ್ಣು, ಕೈಕಾಲುಗಳಲ್ಲಿ ಅಂಥ ಜಾತಿಯ ಗುರುತು ಸಿಗುವುದಿಲ್ಲ. ಹೊಲ ಉಳುವವನನ್ನು ರೈತ ಅನ್ನುತ್ತೇವೆ, ಮಾರುವವನನ್ನು ವ್ಯಾಪಾರಿ ಅನ್ನುತ್ತೇವೆ. ಹೆಸರು ಬಂದಿದ್ದು ಕೆಲಸದಿಂದ.

ಅಸ್ಸಲಾಯನ ಸುತ್ತದಲ್ಲಿ ವಾದಕ್ಕೆ ಬಂದವನು 16 ವರ್ಷದ ಪಂಡಿತ ಹುಡುಗ. ಬುದ್ಧರು ಅವನಿಗೆ ಬೇರೆ ದೇಶಗಳ ಕಡೆ ಕೈ ತೋರಿಸುತ್ತಾರೆ. ಯೋನ ಮತ್ತು ಕಂಬೋಜ ನಾಡುಗಳಲ್ಲಿ ನಾಲ್ಕು ವರ್ಣಗಳಿಲ್ಲ. ಒಡೆಯ ಮತ್ತು ದಾಸ ಎಂದು ಎರಡೇ. ಅಲ್ಲಿ ಒಡೆಯ ದಾಸನಾಗಬಹುದು, ದಾಸ ಒಡೆಯನಾಗಬಹುದು. ಯೋನರು ಅಂದರೆ ಗ್ರೀಕರು. ವರ್ಣವು ಮನುಷ್ಯ ಸ್ವಭಾವವೇ ಆಗಿದ್ದರೆ ಎಲ್ಲ ದೇಶಗಳಲ್ಲೂ ಇರಬೇಕಿತ್ತು. ಗಡಿ ದಾಟಿದ ಕೂಡಲೇ ಅದು ಮಾಯವಾಗುತ್ತದೆ ಅಂದರೆ ಅದು ಜನ ಕಟ್ಟಿಕೊಂಡ ಪದ್ಧತಿ.

ಹಾಗಾದರೆ ಎಲ್ಲ ಕಡೆ ಸಮಾನವಾಗಿ ಇರುವುದೇನು? ಅದೇ ಸುತ್ತದಲ್ಲಿ ಬೆಂಕಿಯ ಉದಾಹರಣೆ ಇದೆ. ಒಬ್ಬ ಗಂಧದ ಕಟ್ಟಿಗೆಯಿಂದ ಬೆಂಕಿ ಹೊತ್ತಿಸಲಿ, ಇನ್ನೊಬ್ಬ ಔಡಲ ಕಟ್ಟಿಗೆಯಿಂದ ಹೊತ್ತಿಸಲಿ. ಎರಡರಲ್ಲೂ ಉರಿ ಇರುತ್ತದೆ, ಬೆಳಕು ಇರುತ್ತದೆ. ಮೈತ್ರಿಯ ಮನಸ್ಸನ್ನು ಬೆಳೆಸುವ ಶಕ್ತಿಯೂ ಹಾಗೆಯೇ, ಯಾವ ಮನೆಯಲ್ಲಿ ಹುಟ್ಟಿದವರಿಗೂ ಸಾಧ್ಯ.

*ಭೀಮಾ ದಂಡೆಯ ಸಾಕ್ಷಿ*

ಅಫಜಲಪುರ, ಜೇವರ್ಗಿ ದಾಟಿ ಹರಿಯುವ ನಮ್ಮ ಭೀಮಾ ನದಿ ಮುಂದೆ ಸನ್ನತಿಗೆ ಹೋಗುತ್ತದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಲಿಪಿ ಕಾಣಿಸಿತು. ಅದು ಅಶೋಕನ ಶಾಸನ. ಆ ಕಲ್ಲಿನಲ್ಲಿ 12ನೇ ಶಾಸನದ ಭಾಗವಿದೆ. ತನ್ನ ಪಂಥವನ್ನು ಹೊಗಳುತ್ತ ಇತರರದನ್ನು ತೆಗಳಬಾರದು, ಪರರ ಧರ್ಮವನ್ನೂ ಕೇಳಿ ತಿಳಿಯಬೇಕು ಎಂಬುದು ಆ ಶಾಸನದ ಸಾರ.

ಅದೇ 12ನೇ ಶಾಸನದ ಕೊನೆಯ ಭಾಗ ಅಫ್ಘಾನಿಸ್ತಾನದ ಕಂದಹಾರದಲ್ಲೂ ಸಿಕ್ಕಿದೆ, ಅದೂ ಗ್ರೀಕ್ ಭಾಷೆಯಲ್ಲಿ! ಬುದ್ಧರು ಹೆಸರಿಸಿದ ಅದೇ ಯೋನರ ಭಾಷೆ. ಭೀಮಾ ದಂಡೆಯ ಜನಕ್ಕೆ ಪ್ರಾಕೃತದಲ್ಲಿ, ಕಂದಹಾರದ ಜನಕ್ಕೆ ಗ್ರೀಕಿನಲ್ಲಿ ಅಶೋಕ ಒಂದೇ ಮಾತು ಹೇಳಿಸಿದ. ಭಾಷೆ ಬದಲಾಯಿಸಿದ, ದೇವರು ಬೇರೆ, ಊಟ ಬೇರೆ ಎಂದು ಬಲ್ಲವನಾಗಿದ್ದ. ಆದರೂ ತಿಳಿಹೇಳಿದರೆ ಇಬ್ಬರೂ ತಿಳಿಯುತ್ತಾರೆ ಎಂದು ನಂಬಿದ್ದ.

*ಒಂದು ಎಚ್ಚರಿಕೆ*

ನನ್ನ ತರಗತಿಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿದ್ದಾರೆ. ಮಾನವರೆಲ್ಲ ಒಂದೇ ಕುಲ ಎಂದು ಪಂಪ ಹೇಳಿದ್ದನ್ನು ಒಮ್ಮೆ ವಿವರಿಸುತ್ತಿದ್ದೆ. ಒಬ್ಬ ಹುಡುಗ ಎದ್ದು ಕೇಳಿದ: "ಸರ, ಎಲ್ಲಾರೂ ಒಂದೇ ಅಂದ್ರ ನಮ್ಮ ಓಣಿ ಯಾಕ ಬ್ಯಾರೆ ಅದ?"

ಈ ಪ್ರಶ್ನೆಯನ್ನು ಬಿಟ್ಟು ಸಮಾನತೆಯ ಮಾತಾಡಬಾರದು. "ನಾವೆಲ್ಲ ಮನುಷ್ಯರೇ, ಈಗ ಜಾತಿ ಎಲ್ಲದ?" ಎಂದು ಹೇಳಿ ನಮ್ಮ ಬಾಯಿ ಮುಚ್ಚಿಸುವವರೂ ಇದ್ದಾರೆ. ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: "ಮನುಷ್ಯರು ಒಂದೇ ಅನ್ನೋದು ಖರೆ. ಓಣಿ ಬ್ಯಾರೆ ಮಾಡಿದ್ದೂ ಮನುಷ್ಯರೇ. ಅದಕ್ಕೇ ಅದನ್ನ ಬದಲಾಯಿಸೋದು ನಮ್ಮ ಕೈಯಾಗ ಅದ."

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದನ್ನೇ ಸ್ಪಷ್ಟಪಡಿಸಿದರು. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಜನಾಂಗದ ಮಟ್ಟಿಗೆ ಒಂದೇ ಮೂಲದವರು. ಜಾತಿ ಎಂಬುದು ಒಂದೇ ಜನಾಂಗದ ಜನರನ್ನು ಒಡೆದ ವ್ಯವಸ್ಥೆ ಎಂದರು.

*ಅನಾತ್ಮ ಮತ್ತು ಸ್ವಭಾವ*

"ಅನಾತ್ಮ ಒಪ್ಪುವ ನಾವು ಸಮಾನ ಸ್ವಭಾವ ಇದೆ ಎನ್ನುವುದು ಹೇಗೆ?" ಎಂದು ಕೆಲವರು ಕೇಳಬಹುದು. ಬದಲಾಗದ ತಿರುಳು ಯಾರೊಳಗೂ ಇಲ್ಲ. ಹಸಿವು, ಭಯ, ಆಸೆ, ಅವಮಾನದ ನೋವು ಎಲ್ಲರಿಗೂ ಇವೆ. ಇವುಗಳಿಂದ ಬಿಡಿಸಿಕೊಂಡು ಬದಲಾಗುವ ಶಕ್ತಿಯೂ ಎಲ್ಲರಿಗೂ ಇದೆ. ಕೊಲೆಗಾರ ಅಂಗುಲಿಮಾಲ ಅರಹಂತನಾದ. ಬಾಡಿದ ಹೂ ಗುಡಿಸುತ್ತಿದ್ದ ಸುನೀತ ಥೇರನಾದ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ನಿಜವಾಗಿದ್ದರೆ ಧಮ್ಮವೂ ಬೇಕಿರಲಿಲ್ಲ, ಶಾಲೆಯೂ ಬೇಕಿರಲಿಲ್ಲ, 1956ರ ನಾಗಪುರದ ದೀಕ್ಷೆಯೂ ಬೇಕಿರಲಿಲ್ಲ.

*ಇಂದಿನ ಅಭ್ಯಾಸ*

22 ಪ್ರತಿಜ್ಞೆಗಳಲ್ಲಿ 9ನೆಯದು ಮನುಷ್ಯರೆಲ್ಲ ಸಮಾನರೆಂದು ನಂಬುವುದು, 10ನೆಯದು ಸಮಾನತೆಯನ್ನು ನೆಲೆಗೊಳಿಸಲು ಶ್ರಮಿಸುವುದು. ಬಾಬಾಸಾಹೇಬರು ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ನಂಬಿಕೆಯೊಂದೇ ಸಾಲದು.

ನಮ್ಮ ಮೇಲೆ ಹೊರಿಸಿದ ಆ ಗಾದೆಯನ್ನು ನಾವು ಯಾರ ಮೇಲೆ ಹೊರಿಸುತ್ತಿದ್ದೇವೆ? ತಾಂಡಾದವರ ಮೇಲೋ, ಮುಸಲ್ಮಾನರ ಮೇಲೋ, ನಮ್ಮದೇ ಪಕ್ಕದ ಓಣಿಯ ಇನ್ನೊಂದು ದಲಿತ ಜಾತಿಯ ಮೇಲೋ? ಇಂದು ಒಂದು ದಿನ "ಅವರ ಗುಣಾನೇ ಹಂಗ" ಎಂಬ ಮಾತು ನಾಲಿಗೆಗೆ ಬಂದಾಗ ತಡೆಯೋಣ. ರಾತ್ರಿ ಮಲಗುವ ಮುನ್ನ ಎಷ್ಟು ಸಲ ಬಂತು ಎಂದು ಎಣಿಸೋಣ. ಮನೆಯ ಮಕ್ಕಳ ಜೊತೆ ಇದನ್ನು ಚರ್ಚಿಸಿ, ನಾಳೆ ಗುಂಪಿನಲ್ಲಿ ಹಂಚಿಕೊಳ್ಳಿ.

ಭವತು ಸಬ್ಬ ಮಂಗಲಂ.
ಸಾಧು! ಸಾಧು! ಸಾಧು! 🙏